ನಾನು ಸೈನ್ಯಕ್ಕೆ ಹೋದಾಗ ನನ್ನ ಹೊಲ ಮಾಡಿದವನು

ಅಂದು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ನಾನು, ಅವ್ವ ಮತ್ತು ಬಾಜು ಮನೆಯ ದೋಸ್ತ ಊಟಕ್ಕೆ ಕುಳಿತಿದ್ದೆವು. ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಗ ನಾನು ಪ್ರಾದೇಶಿಕ ಸೇನೆಯಲ್ಲಿದ್ದೆ. ಕರೆದಾಗ ಕೆಲವು ತಿಂಗಳು ಹೋಗುವುದು, ಉಳಿದಂತೆ ಅಣ್ಣಿಗೇರಿಯ ನಮ್ಮ ಹೊಲ. ಹೋದ ದಿನಗಳಿಗಷ್ಟೇ ಪಗಾರ. ನಾನಿಲ್ಲದಾಗ ಹೊಲ ಮಾಡುತ್ತಿದ್ದವನು ಈ ದೋಸ್ತನೇ, ಕೂಲಿಯ ಮೇಲೆ.

ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದೆ. ಸೇನೆ ಬಿಡಬೇಕೆಂಬ ವಿಚಾರ ಬಹಳ ದಿನದಿಂದ ಇತ್ತು. ಪ್ರತಿ ಸಲ ಟ್ರಂಕು ತುಂಬುವಾಗ ಮೈಯೇ ಬೇಡವೆನ್ನುತ್ತಿತ್ತು. ಈ ಸಲ ಮೇಲಿನವರು ಕರೆದು, ಉಳಿದರೆ ದರ್ಜೆ ಏರುತ್ತದೆ, ಪಗಾರ ಏರುತ್ತದೆ, ಇನ್ನಷ್ಟು ವರ್ಷ ತಾಳಿದರೆ ಪಿಂಚಣಿ ಎಂದಿದ್ದರು. ಊಟಕ್ಕೆ ಕುಳಿತವನು ಅದನ್ನೇ ಹೇಳಿದೆ.

ಅವ್ವನ ಮುಖ ಅರಳಿತು. "ಬಿಡಬ್ಯಾಡಲೇ. ಪಗಾರ ಹಾಳಾಗ್ಲಿ, ನಿನ್ನ ಡ್ರೆಸ್ ನೋಡೇ ಹೆಣ್ಣು ಕೊಟ್ಟಾರ."

"ಹೌದ್ರಿ ಅತ್ತಿ, ಡ್ರೆಸ್ ನೋಡೇ ಬಂದೆ," ಅಂದಳು ಹೆಂಡತಿ. "ಎಮ್ಮಿ ಸಗಣಿ ಬಳಿಯಾಕ ಆ ಡ್ರೆಸ್ ಬರೂದಿಲ್ಲಂತ ಆವಾಗ ಯಾರೂ ಹೇಳಲಿಲ್ಲ."

ದೋಸ್ತ ನಗುತ್ತ ರೊಟ್ಟಿ ಮುರಿದ. "ಚಲೋ ಆತು ಬಿಡಪಾ. ನಿನ್ನ ಪಗಾರ ಏರಿದ್ರ ನಂದೂ ಏರಸಬೇಕಾಗತೈತಿ."

"ನಿಂದ್ಯಾಕಲೇ?"

"ಮತ್ತ? ನೀ ಅಲ್ಲಿ ಗನ್ ಹಿಡ್ಕೊಂಡು ನಿಂತಿರತಿ, ಇಲ್ಲಿ ನಿನ್ನ ಕಡ್ಲಿ ಕಾಯಾಂವ ನಾನ. ಹೊರಗಿನ ಮಂದಿ ಹೆಚ್ಚಿಗಿ ಕೊಡತೀವಂತ ಕರ್ಯಾಕತ್ತಾರ. ನಿನ್ನ ಸಲುವಾಗಿ ಉಳದೀನಿ."

"ಅಂದ್ರ ಸರ್ಕಾರ ಇವರಿಗೆ ಕೊಡತೈತಿ, ಇವರು ನಿಮಗ ಕೊಡತಾರ," ಅಂದಳು ಹೆಂಡತಿ. "ನಾ ಯಾರ ಮುಂದ ಕೈ ಒಡ್ಡಲ್ರಿ?"

ಅವ್ವನೂ ನಕ್ಕಳು. ನಾನೂ ನಕ್ಕೆ, ಆದರೆ ಅವಳ ಮಾತು ಸುಳ್ಳಾಗಿರಲಿಲ್ಲ. ಅಲ್ಲಿ ಗಳಿಸಿದ್ದರ ಬಹುಪಾಲು ಇಲ್ಲಿಯ ಕೂಲಿಗೇ ಹೋಗುತ್ತಿತ್ತು. ನನ್ನದೆಂದು ಉಳಿಯುವುದು ಪಿಂಚಣಿಯೊಂದೇ. ಅದೊಂದರ ಆಸೆಗೆ ಉಳಿಯುವುದೆಂದು ಗಟ್ಟಿಮಾಡಿಕೊಂಡೆ, ದೋಸ್ತನ ಕೂಲಿಯನ್ನೂ ಏರಿಸಿದೆ. "ಚಿಂತಿ ಮಾಡಬ್ಯಾಡ, ನಾ ಅದೀನಿ," ಎಂದು ಅವನು ಕೈತೊಳೆಯಲು ಎದ್ದ.

ಮುಂದಿನ ಕರೆ ಕಡಲೆ ಬಿತ್ತುವ ಹೊತ್ತಿಗೇ ಬಂತು. ಅಷ್ಟರಲ್ಲಿ ದೋಸ್ತನಿಗೆ ಹುಬ್ಬಳ್ಳಿಯ ಗೋದಾಮಿನಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಊರೆಲ್ಲ ತಿರುಗಿದರೂ ಬೇರೆ ಆಳು ಸಿಗಲಿಲ್ಲ. ನಾನು ಹೋಗಿ, ಪಿಂಚಣಿಯ ಆಸೆ ಬಿಟ್ಟು ಸೇವೆಯಿಂದ ಬಿಡುಗಡೆ ಬೇಡಿ ಬರೆದುಕೊಟ್ಟು, ಅದು ಮಂಜೂರಾಗುವ ತನಕ ರಜೆ ಪಡೆದು, ಬಿತ್ತಲು ಊರಿಗೆ ಮರಳಿದೆ.