ಇಳಿತದಲ್ಲಿ ಸಿಗುವ ಸಿಹಿನೀರು

ಬೆಳಗಿನ ಐದೂಮುಕ್ಕಾಲು. ದ್ವೀಪದ ಪೂರ್ವ ದಂಡೆಯ ಹತ್ತಿರ ಎಂಜಿನ್ ಆರಿಸಿ, ಲಂಗರು ಬಿಟ್ಟು, ದೀಪಸ್ತಂಭ ಇಲಾಖೆಯ ದೋಣಿಯ ಚುಕ್ಕಾಣಿಗಾರ ಮೊಣಕಾಲುದ್ದದ ನೀರಿಗೆ ಇಳಿಯುತ್ತಾರೆ. ಸಮುದ್ರ ಹಿಂದೆ ಸರಿದಿದೆ. ಕರಿಬಂಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಮರಳು ಬಗೆಯುತ್ತಾರೆ. ಮೊದಲ ಬೊಗಸೆ ಉಪ್ಪು, ಚೆಲ್ಲುತ್ತಾರೆ. ಎರಡನೆಯದನ್ನೂ ಚೆಲ್ಲಿ, ಮೂರನೆಯದನ್ನು ಕಣ್ಣು ಮುಚ್ಚಿ ಕುಡಿಯುತ್ತಾರೆ.

ಈ ಒರತೆ ಇಲ್ಲವೇ ಇಲ್ಲ ಎನ್ನುತ್ತದೆ ಇಲಾಖೆಯ ವರದಿ. “ಕುಡಿಯುವ ನೀರಿಲ್ಲ, ಆದ್ದರಿಂದ ಎಂದೂ ಜನವಸತಿ ಇರಲಿಲ್ಲ.” ಆ ‘ಆದ್ದರಿಂದ’ ಓದಿದಾಗಲೆಲ್ಲ ಅವರಿಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಅವರು ಹುಟ್ಟಿದ್ದು ಇಲ್ಲೇ.

ಒಂದೂವರೆ ಕಿಲೋಮೀಟರ್ ಉದ್ದ, ಅದರರ್ಧ ಅಗಲದ ನೆಲ. ದಡದಿಂದ ಮೂರೂವರೆ ಗಂಟೆಯ ದಾರಿ. ಪಶ್ಚಿಮಕ್ಕೆ ಕಡಿದಾದ ಬಂಡೆ, ದೋಣಿ ತಾಗುವುದು ಪೂರ್ವಕ್ಕೆ ಮಾತ್ರ. ಭರತದಲ್ಲಿ ಒರತೆ ಸಮುದ್ರದಡಿ ಮುಳುಗಿರುತ್ತದೆ; ಇಳಿತದಲ್ಲಿ ಎರಡು ಗಂಟೆ ಮುಖ ತೋರಿಸುತ್ತದೆ. ಒಂಬತ್ತು ಮನೆಗಳ ನಲವತ್ತೊಂದು ಜನ ಆ ಎರಡು ಗಂಟೆಯಲ್ಲೇ ಕೊಡ ತುಂಬಿಕೊಂಡು ಬದುಕಿದ್ದರು. ಐವತ್ತೆರಡು ವರ್ಷದ ಹಿಂದೆ, ದೀಪಸ್ತಂಭ ಕಟ್ಟಬೇಕು, ಎರಡು ತಿಂಗಳ ಮಟ್ಟಿಗೆ ಬನ್ನಿ ಎಂದು ಎಲ್ಲರನ್ನೂ ದೋಣಿ ಹತ್ತಿಸಿದರು. ಆಗ ಇವರಿಗೆ ಏಳು ವರ್ಷ. ಒಲೆಯ ಮೇಲೆ ಪಾತ್ರೆ ಹಾಗೇ ಬಿಟ್ಟು ಬಂದದ್ದನ್ನು ಅಕ್ಕ ಈಗಲೂ ಹೇಳಿಕೊಂಡು ಬಯ್ಯುತ್ತಾಳೆ. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ.

ಇಪ್ಪತ್ತೆಂಟು ವರ್ಷದಿಂದ ಅದೇ ದೀಪಕ್ಕೆ ಬ್ಯಾಟರಿ ಹೊರುವ ಕೆಲಸ ಇವರದು. ತಿಂಗಳಿಗೆ ಎರಡು ಸಲ. ಪ್ರತಿ ಸಲವೂ ಒರತೆಯ ಮರಳು ತೆಗೆದು, ಗುಡ್ಡ ಹತ್ತಿ, ಅಮ್ಮನ ಸಮಾಧಿಯ ಉರುಳಿದ ಕಲ್ಲುಗಳನ್ನು ಎತ್ತಿ ಇಡುತ್ತಾರೆ. ಅಲ್ಲಿರುವ ಇಪ್ಪತ್ತಮೂರು ಸಮಾಧಿಗಳನ್ನು ವರದಿ “ಅಲೆಗಳು ತಂದೊಟ್ಟಿದ ಕಲ್ಲುರಾಶಿ” ಎಂದು ಕರೆದಿದೆ. ಗುಡ್ಡದ ನೆತ್ತಿಗೆ ಅಲೆ ಹೇಗೆ ಹತ್ತಿತು ಎಂದು ಕೇಳಲು ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬನಿಗೂ ತೋಚಲಿಲ್ಲ.

ವರದಿ ಬರೆದ ಸಾಹೇಬರನ್ನು ಕರೆತಂದವರೂ ಇವರೇ. ಬೆಳಿಗ್ಗೆ ಹತ್ತಕ್ಕೆ, ಸಮುದ್ರ ತುಂಬಿ ನಿಂತಾಗ ಇಳಿದರು. ಸಂಜೆ ನಾಲ್ಕರವರೆಗೆ ಕಾಯಿರಿ, ನೀರು ತೋರಿಸುತ್ತೇನೆ ಎಂದು ಇವರು ಬೇಡಿಕೊಂಡರು. ಸಾಹೇಬರು ಕಿವಿಗೇ ಹಾಕಿಕೊಳ್ಳಲಿಲ್ಲ. ಊಟದ ಹೊತ್ತಿಗೆ ದಡ ಸೇರಬೇಕಿತ್ತು. ಹನ್ನೊಂದಕ್ಕೆಲ್ಲ ವಾಪಸ್. ಒಂದು ದ್ವೀಪದ ಇತಿಹಾಸಕ್ಕೆ ಸಿಕ್ಕಿದ್ದು ಒಂದೇ ಗಂಟೆ. ಆಮೇಲೆ ಇವರು ಬಾಟಲಿಯಲ್ಲಿ ನೀರು ಒಯ್ದು ಮೇಜಿನ ಮೇಲಿಟ್ಟರೆ, ನಿಮ್ಮ ಮನೆ ನಲ್ಲಿಯದಲ್ಲ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರಂತೆ. ಕೇಳಿದ ನಾಲಿಗೆಗೆ ನಾಚಿಕೆಯೂ ಆಗಲಿಲ್ಲ.

“ಸುಳ್ಳು ಹೇಳಿದ್ರೆ ಹೇಳ್ಲಿ ಬಿಡಿ,” ಎನ್ನುತ್ತಾರೆ ಚುಕ್ಕಾಣಿಗಾರ. “ನಮ್ಮಮ್ಮನ್ನ ಅಲೆ ತಂದ ಕಲ್ಲು ಅಂದ್ರಲ್ಲ, ಅದು ತಡಕೊಳ್ಳೋಕಾಗಲ್ಲ.”

ಮುಂದಿನ ವಾರ ಇಲ್ಲಿ ಫಲಕ ನಿಲ್ಲುತ್ತದೆ: ‘ಎಂದೂ ಜನವಸತಿ ಇಲ್ಲದ ದ್ವೀಪ. ಪ್ರವೇಶ ನಿಷಿದ್ಧ.’ ಇಲಾಖೆಯ ದೋಣಿಗೆ ಮಾತ್ರ ವಿನಾಯಿತಿ. ಇವರ ನಿವೃತ್ತಿಗೆ ಉಳಿದಿರುವುದು ಮೂರು ತಿಂಗಳು. ಆಮೇಲೆ ಅಮ್ಮನ ಕಲ್ಲು ಉರುಳಿದರೆ ಎತ್ತುವವರಿಲ್ಲ. ಹೊಟ್ಟೆ ಉರಿಸಲೆಂದೇ ಎಂಬಂತೆ, ಫಲಕವನ್ನೂ ಸಿಮೆಂಟನ್ನೂ ಗಾರೆಯವರನ್ನೂ ಸಾಗಿಸುವ ಆದೇಶ ಬಂದಿರುವುದು ಇವರ ಹೆಸರಿಗೇ. ಜೊತೆಗೆ, ಸಿಮೆಂಟ್ ಕಲೆಸಲು ಎರಡು ಡ್ರಮ್ ನೀರು ಒಯ್ಯತಕ್ಕದ್ದು. ಉಸ್ತುವಾರಿಗೆ ಅದೇ ಸಾಹೇಬರು.

ಒಯ್ಯುವುದಿಲ್ಲ ಎಂದರೆ ಇನ್ನೊಬ್ಬ ಒಯ್ಯುತ್ತಾನೆ, ಅದು ಅವರಿಗೂ ಗೊತ್ತು. ಹಾಗಾದರೆ ಏನು ಮಾಡುತ್ತೀರಿ ಎಂದರೆ ಮರಳು ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ.

“ಒಯ್ತೀನಿ. ಆದರೆ ಹೊರಡೋ ಹೊತ್ತು ನನ್ನದು, ಸರಿಯಾಗಿ ಇಳಿತಕ್ಕೆ ತಲುಪಿಸ್ತೀನಿ. ಡ್ರಮ್ ದಡದಲ್ಲೇ ಮರೆತುಹೋಗುತ್ತೆ, ವಯಸ್ಸಾಯ್ತಲ್ಲ. ಸಿಮೆಂಟ್ ಕಲೆಸೋಕೆ ಸಿಹಿನೀರು ಬೇಕೇ ಬೇಕು. ಇಲ್ಲಿ ನೀರು ಎಲ್ಲಿದೆಯಪ್ಪಾ ಅಂತ ಆ ಸಾಹೇಬರು ತಮ್ಮ ಬಾಯಿಂದ ನನ್ನ ಒಂದು ಸಲ ಕೇಳ್ಲಿ. ಅಷ್ಟು ಸಾಕು ನನಗೆ.”