ಬಿಗಿದ ಕಾಲುಗಳು

ನನ್ನ ಎರಡನೇ ಮಗಳು ಎಂಟು ತಿಂಗಳಿಗೇ ಹುಟ್ಟಿಬಿಟ್ಟಳು. ಶಿಡ್ಲಘಟ್ಟದ ಮನೆಯಲ್ಲಿ ಆಗ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಸಮಯ, ಎಲ್ಲರೂ ಆ ಗಡಿಬಿಡಿಯಲ್ಲಿದ್ದರು. ಮಗು ಅಳಲೇ ಇಲ್ಲ. ಸೂಲಗಿತ್ತಿ ಬೆನ್ನು ಉಜ್ಜಿ ಉಜ್ಜಿ ಕೊನೆಗೊಮ್ಮೆ ಉಸಿರಾಡಿಸಿದಳು. ಚೀಪಲು ಶಕ್ತಿಯಿಲ್ಲದ ಬಾಯಿಗೆ ಬತ್ತಿಯಲ್ಲಿ ಹಾಲು ಹಿಂಡಿ ಉಳಿಸಿಕೊಂಡೆವು.

ಉಳಿದಳು, ಆದರೆ ವರ್ಷ ದಾಟಿದರೂ ಕೂರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲುಗಳು ಕತ್ತರಿ ಹಾಕಿಕೊಳ್ಳುತ್ತಿದ್ದವು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.

“ಗ್ರಹಣದ ದಿನ ಈಳಿಗೆಮಣೆ ಮುಟ್ಟಬೇಡ ಅಂದ್ರೆ ಕೇಳಿದ್ಯಾ?” ಅಂತ ಅತ್ತೆ ದಿನವೂ ಅನ್ನುತ್ತಿದ್ದರು. ಹರಕೆ ಹೊತ್ತೆವು. ಮುರುಗಮಲ್ಲದ ದರ್ಗಾಕ್ಕೂ ಹೋಗಿ ದಾರ ಕಟ್ಟಿಸಿಕೊಂಡು ಬಂದೆವು. ಕಾಲು ಹಾಗೇ ಇತ್ತು. ಅತ್ತೆಗೆ ಎದುರು ಮಾತಾಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಕೊನೆಗೆ ನಮ್ಮವರು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಬಂದರು. ಡಾಕ್ಟರು ಕಾಲುಗಳನ್ನು ಮಡಚಿ, ಬಿಡಿಸಿ ನೋಡಿದರು.

“ಬೇಗ ಹುಟ್ಟಿದ ಮಕ್ಕಳಿಗೆ ಕೆಲವು ಸಲ ಮೆದುಳಿನ ಒಳಗೆ ಸಣ್ಣ ಪೆಟ್ಟಾಗಿರತ್ತಮ್ಮ. ಕಾಲಿಗೆ ಹೋಗೋ ನರಗಳ ದಾರೀಲಿ. ಅದನ್ನ ನಾವು ಇಲ್ಲಿ ನೋಡಕ್ಕಾಗಲ್ಲ, ಹೀಗೆ ಕಾಲು ನೋಡಿ ಊಹಿಸಬೇಕು.”

“ನಾನೇನಾದ್ರೂ ತಪ್ಪು ಮಾಡಿದ್ನಾ ಡಾಕ್ಟ್ರೇ?”

“ಇಲ್ಲಮ್ಮ. ಯಾರೂ ಮಾಡಿಲ್ಲ.”

“ವಾಸಿಯಾಗತ್ತಾ?”

“ಆ ಪೆಟ್ಟು ವಾಸಿಯಾಗಲ್ಲ. ಕಾಲು ಇನ್ನೂ ಬಿಗಿಯಾಗದ ಹಾಗೆ ನೋಡ್ಕೋಬಹುದು. ದಿನಾ ನೀವಿ, ಎಳೀಬೇಕು. ಬಿಡಬಾರದು.”

ಬಸ್ಸಿನಲ್ಲಿ ಅತ್ತೆ ಮಗುವನ್ನು ತಮ್ಮ ಮಡಿಲಲ್ಲಿ ಮಲಗಿಸಿಕೊಂಡು ಬಂದರು.

ದಿನಾ ಎಳೆದೆ. ಅವಳು ಚೀರುತ್ತಿದ್ದಳು, ನಾನು ಬಿಡುತ್ತಿರಲಿಲ್ಲ. ಒಲೆ, ಹಿಪ್ಪುನೇರಳೆ ಸೊಪ್ಪು, ದೊಡ್ಡ ಮಗಳು, ಮತ್ತೆ ಈ ಕಾಲು. ಒಂದು ಮಧ್ಯಾಹ್ನ ಅವಳ ಪಾದ ಹಿಡಿದುಕೊಂಡೇ ನಿದ್ದೆಹೋಗಿದ್ದೆ. ಎಚ್ಚರವಾದಾಗ ಪಾದ ಅತ್ತೆಯ ಕೈಯಲ್ಲಿತ್ತು, ನಾನು ಮಾಡುವ ಹಾಗೇ ಮೆಲ್ಲಗೆ ಎಳೆಯುತ್ತಿದ್ದರು.

“ಮಲ್ಕೋಮ್ಮ ನೀನು. ನಾನು ಮಾಡ್ತೀನಿ,” ಅಂದರು.

ಗ್ರಹಣದ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಅಂದದ್ದು ತಪ್ಪಾಯಿತು ಅಂತಲೂ ಅನ್ನಲಿಲ್ಲ. ನನಗೆ ಅದು ಬೇಕಾಗಿರಲಿಲ್ಲ, ನಿದ್ದೆ ಬೇಕಾಗಿತ್ತು.

ಸ್ಕೂಲಿಗೆ ಸೇರಿಸುವ ಹೊತ್ತಿಗೆ ಮಗಳು ಗೋಡೆ ಹಿಡಿದು, ತುದಿಗಾಲಲ್ಲಿ ನಡೆಯುತ್ತಿದ್ದಳು. ಮೊದಲ ದಿನ ಎತ್ತಿಕೊಳ್ಳಲು ಬಗ್ಗಿದರೆ, “ಬೇಡಮ್ಮ, ಎಲ್ರೂ ನೋಡ್ತಾರೆ,” ಅಂದಳು. ಬೀದಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದೇ ಹೋಯಿತು. ಎರಡು ಸಲ ಬಿದ್ದಳು, ಎದ್ದಳು. ಅವಳು ಒಳಗೆ ಹೋದ ಮೇಲೆ ನಾನು ಸ್ಕೂಲಿನ ಜಗಲಿಯ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಕೆಲಸ ಬೇಕಾದಷ್ಟಿತ್ತು. ಏಳಲಾಗಲಿಲ್ಲ.