ಮಹೇಶ ಬರುವ ಮೊದಲೇ ಬಂದ ಯಕ್ಷ

ಕಳೆದ ವರ್ಷ, ನಾನು ಎಂ.ಎ. ಮುಗಿಸಿ ಊರಿಗೆ ಬಂದಿದ್ದಾಗ ನಡೆದದ್ದು. ಚಾಮರಾಜನಗರದ ನಾಟಕ ಸ್ಪರ್ಧೆಗೆಂದು ನಾವು ಕೆಲವರು ತೆರಕಣಾಂಬಿಯ ಹಳೆಯ ಸಮುದಾಯ ಭವನವೊಂದರಲ್ಲಿ ತಾಲೀಮು ಮಾಡುತ್ತಿದ್ದೆವು. ನಾಟಕ ಬರೆದವನು ನಂದೀಶ. ಬೇರೆ ಲೋಕದ ಯಕ್ಷನೊಬ್ಬ ಹುಡುಗಿಯನ್ನು ಎಳೆದೊಯ್ದು ಬಲಾತ್ಕಾರ ಮಾಡುತ್ತಾನೆ. ಮರುದಿನದಿಂದ ಅವಳಿಗೆ ಹಾರುವ ಶಕ್ತಿ ಬರುತ್ತದೆ. ಹುಡುಗಿಯ ಪಾತ್ರ ಚೈತ್ರಳದು, ಯಕ್ಷನದು ಉಡಿಗಾಲದ ಮಹೇಶನದು. ದೀಪದ ಕೆಲಸ ನನ್ನದು.

ಚೈತ್ರಳಿಗೆ ಆ ದೃಶ್ಯ ಮೊದಲಿಂದಲೂ ಹಿಡಿಸಿರಲಿಲ್ಲ.

“ಅಲ್ಲ ಕಣ ನಂದೀಶ, ಯಾವನೋ ಹಿಡ್ಕಂಡು ಎಳುದ್ರೆ ನಾನು ಬಾಯಿ ಮುಚ್ಕಂಡಿರ್ಬೇಕಾ?”

“ಮಾಯೆ ಕಣಮ್ಮಿ ಅದು. ಕೂಗುದ್ರೆ ಸೀನಿನ ಚೆಂದವೇ ಓಯ್ತದೆ.”

“ಆಮೇಲೆ ಹಾರೋ ಶಕ್ತಿ ಬೇರೆ! ನಿಂಗೂ ಒಬ್ಬ ಯಕ್ಷನ ಕಳುಸ್ತೀನಿ ಬುಡು, ಹಾರಾಡ್ಕೊಂಡಿರು.”

ಎಲ್ಲರೂ ನಕ್ಕೆವು. ದೃಶ್ಯ ಹಾಗೆಯೇ ಉಳಿಯಿತು.

ನಂದೀಶನ ತಾತ ಹಬ್ಬಗಳಲ್ಲಿ ಮುಖವಾಡ ಕಟ್ಟಿ ಕುಣಿಯುತ್ತಿದ್ದವರು. ಮುಖವಾಡ ಕಟ್ಟಿದವನನ್ನು ಹೆಸರು ಹಿಡಿದು ಕರೆಯಬಾರದು, ಮಾತಾಡಿಸಲೂಬಾರದು ಎಂಬುದು ಅವರ ಮನೆಯ ಕಟ್ಟಳೆ. ಅದನ್ನು ಅವನು ನಮ್ಮ ತಾಲೀಮಿಗೂ ತಂದಿದ್ದ.

ಆ ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಸಾಂಬ್ರಾಣಿ ಹೊಗೆ ಹಾಕಿದೆವು. ಮಹೇಶ ಇನ್ನೂ ಬರಲಿಲ್ಲವಲ್ಲ ಎನ್ನುವಷ್ಟರಲ್ಲಿ, ಮುಖವಾಡ ಇಡುತ್ತಿದ್ದ ಹಿಂದಿನ ಕೋಣೆಯಿಂದ ಮುಖವಾಡ ಕಟ್ಟಿ ಕಂಬಳಿ ಹೊದ್ದ ಯಕ್ಷ ಬಂದು ನಿಂತ. ಹಿಂಬಾಗಿಲಿಂದ ಬಂದಿರಬೇಕು ಎಂದುಕೊಂಡೆವು. ಯಾರೂ ಮಾತಾಡಿಸಲಿಲ್ಲ. ನಾನು ನೀಲಿ ದೀಪ ಹಾಕಿದೆ. ಅವನು ಚೈತ್ರಳನ್ನು ಕಂಬಳಿಯೊಳಗೆ ಸೆಳೆದುಕೊಂಡು ಪರದೆಯ ಹಿಂದಕ್ಕೆ ನಡೆದ. ಅವಳ ಹಿಮ್ಮಡಿ ನೆಲಕ್ಕೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

“ಇವತ್ತು ಏನ್ ಸೂಪರಾಗಿ ಮಾಡ್ತಾವ್ಳೆ ಕಣಕ್ಕ” ಎಂದು ನಂದೀಶ ನನ್ನ ಕಿವಿಯಲ್ಲಿ ಹೇಳಿದ.

ಆಗ ಮುಂಬಾಗಿಲು ತೆರೆಯಿತು. ಬೆಳಕಿನಲ್ಲಿ ಮಹೇಶ ನಿಂತಿದ್ದ. “ಬಸ್ಸು ಕೆಟ್ಟೋಗ್ಬುಟ್ಟಿತ್ತು ಕಣ್ಲಾ. ನನ್ ಬುಟ್ಟು ಶುರು ಮಾಡ್ಬುಟ್ರಾ?”

ಪರದೆಯ ಆಚೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ನಾನು ಓಡಿದೆ. ಅವನು ಕಂಬಳಿಯನ್ನು ಅವಳ ಬಾಯಿಗೆ ಒತ್ತಿ ಹಿಡಿದು ಹಿಂಬಾಗಿಲ ಹೊಸ್ತಿಲು ದಾಟಿಸುತ್ತಿದ್ದ. ಚೈತ್ರ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ತಬ್ಬಿಕೊಂಡಿದ್ದಳು. ನಾನು ಕಿರುಚಿದೆ. ಮುಖವಾಡ ಮೆಲ್ಲಗೆ ನನ್ನ ಕಡೆ ತಿರುಗಿತು. ಅದರ ತೂತುಗಳೊಳಗೆ ಎರಡು ಕಣ್ಣು ರೆಪ್ಪೆ ಬಡಿದವು. ಮರುಕ್ಷಣ ಅವಳನ್ನು ಬಿಟ್ಟು ಅರಿಶಿನದ ಹೊಲಕ್ಕಿಳಿದು ಓಡಿದ, ಮುಖವಾಡದ ಸಮೇತ. ಪೊಲೀಸರಿಗೆ ದೂರು ಕೊಟ್ಟೆವು. ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ನೀರು ಕುಡಿದ ಮೇಲೆ ಚೈತ್ರ ಹೇಳಿದ್ದು ಒಂದೇ ಮಾತು: “ನೀವೆಲ್ಲ ಅಲ್ಲೇ ಕೂತಿದ್ರಿ. ನಂಗೆ ಕಾಣ್ತಿತ್ತು.” ನಾವು ಸ್ಪರ್ಧೆಗೆ ಹೋಗಲಿಲ್ಲ.

ಈಗ ನನಗೆ ಗುಂಡ್ಲುಪೇಟೆಯಲ್ಲಿ ಕೆಲಸ. ಬಸ್ಸಿನಲ್ಲಿ ಬೇರೆ ಲೋಕಗಳ ಕಥೆಗಳನ್ನು ಇಂದಿಗೂ ಓದುತ್ತೇನೆ. ಆಕಾಶಕ್ಕೆ ಎರಡು ಚಂದ್ರರನ್ನು ಕೊಡಬಲ್ಲವರು ಹುಡುಗಿಗೆ ಮಾತ್ರ ಇದೇ ಗತಿ ಯಾಕೆ ಬರೆಯುತ್ತಾರೆ, ಅದನ್ನು ಮಂಜು, ಮಾಯೆ ಎಂದು ಯಾಕೆ ಚೆಂದ ಮಾಡುತ್ತಾರೆ ಎಂದು ಕೇಳಿಕೊಳ್ಳುತ್ತೇನೆ. ಅಂಥ ಪುಟ ಬಂದರೆ ಪುಸ್ತಕ ಮುಚ್ಚಿ ಚೈತ್ರಳಿಗೆ ಫೋನ್ ಮಾಡುತ್ತೇನೆ.

“ಏನಕ್ಕ?” ಅನ್ನುತ್ತಾಳೆ.

“ಏನಿಲ್ಲ, ಮಾತಾಡು” ಅನ್ನುತ್ತೇನೆ.